ಗೋಡೆಯ ಕಡೆಯ ಒಲೆ

ಯರಗಟ್ಟಿಯ ಒಂದು ಶೆಡ್ಡಿನಲ್ಲಿ ಖಡಕ್ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಾಗ ರಾಚವ್ವನಿಗೆ ಇನ್ನೂ ಎಳೆಯ ವಯಸ್ಸು. ಗಂಡ ಬೇರೆ ಸಂಸಾರ ಹೂಡಿದ್ದ, ಮಕ್ಕಳಿರಲಿಲ್ಲ. ನೆಲದ ಮೇಲೆ ಎದುರುಬದುರು ಕುಳಿತು ರೊಟ್ಟಿ ಬಡಿಯುವ ಹೆಂಗಸರ ಹರಟೆಯೇ ಅವಳ ಪಾಲಿಗೆ ಮನೆಯಾಯಿತು.

ವರ್ಷಗಟ್ಟಲೆ ಬಗ್ಗಿದ ಬೆನ್ನು ಒಂದು ಬೆಳಿಗ್ಗೆ ಹಿಡಿದುಕೊಂಡಿತು. ಹಿಟ್ಟಿನ ಚೀಲ ಎತ್ತಲು ಹೋದವಳು ಅಲ್ಲೇ ಕುಸಿದಳು. ಡಾಕ್ಟರು ಆಪರೇಶನ್ ಬೇಡವೆಂದರು. ಆದರೆ ಎಲುಬು ಸವೆದಿದೆ ಎಂದ ಒಂದು ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಹೊರಳಿದರೆ ಮುರಿದೀತೆಂದು ಹೆದರಿ ಬಾಡಿಗೆ ಕೋಣೆಯಲ್ಲಿ ಅಂಗಾತ ಬಿದ್ದುಕೊಂಡಳು. ಜೊತೆಗೆ ರೊಟ್ಟಿ ಬಡಿಯುವ ಗುರವ್ವ ಮೊದಮೊದಲು ಬುತ್ತಿ ತಂದಳು. ಮದುವೆ ಸೀಜನ್ನಿನ ರೊಟ್ಟಿ ಆರ್ಡರು ಶುರುವಾದ ಮೇಲೆ ಅವಳಿಗೂ ಬಿಡುವಾಗಲಿಲ್ಲ.

ಫಿಜಿಯೋಥೆರಪಿ ಮಾಡುವ ಸುಚೇತಾ ಆಸ್ಪತ್ರೆಯಿಂದ ಬರತೊಡಗಿದ್ದು ಆಗ. ಮುರಗೋಡದ ಪುರೋಹಿತರ ಮನೆಯ ಮಗಳು. ಮೊದಲ ದಿನ ಚಾಪೆಯ ಪಕ್ಕ ಕುಳಿತು, ರಾಚವ್ವನ ಸೊಂಟದ ಮೇಲೆ ಅಂಗೈ ಇಟ್ಟು, ನಿಧಾನವಾಗಿ ಉಸಿರಾಡಲು ಹೇಳಿದಳು. ಎಷ್ಟೋ ಕಾಲದಿಂದ ಯಾರೂ ಮುಟ್ಟಿರದ ಮೈ. ರಾಚವ್ವನ ಕಣ್ಣು ತುಂಬಿತು. ಸುಚೇತಾ ಅದನ್ನು ನೋವೆಂದುಕೊಂಡಳು.

“ಹೆದರಬ್ಯಾಡ್ರಿ, ಎಲುಬು ಮುರಿಯೂದಿಲ್ಲ. ವಯಸ್ಸಾದ್ರ ಸವೆಯೂದು ಎಲ್ಲಾರಿಗೂ ಇರ್ತದ. ಮಲಗಿದಷ್ಟೂ ಬೆನ್ನು ಬಿಗೀತದ.”

ಮಗ್ಗುಲಾಗಿ ಕೈಯೂರಿ ಏಳುವುದು, ಮೊಣಕಾಲು ಮಡಿಸಿ ಭಾರ ಎತ್ತುವುದು, ದಿನಾ ಸ್ವಲ್ಪ ಸ್ವಲ್ಪ ನಡೆಯುವುದು, ಎಲ್ಲವನ್ನೂ ತಾನೇ ಮಾಡಿ ತೋರಿಸಿ ಕಲಿಸಿದಳು. ಹೋಳಿಯ ಹೊತ್ತಿಗೆ ರಾಚವ್ವ ಕೆಲಸಕ್ಕೆ ಮರಳಿದಳು. ಸುಚೇತಾ ಹೇಳಿದಂತೆ ಮಾಲೀಕ ಅವಳ ಒಲೆಯನ್ನು ಎತ್ತರದ ಕಟ್ಟೆಯ ಮೇಲೆ ಇಡಿಸಿದ್ದ. ಗ್ಯಾಸಿನ ಪೈಪು ಇದ್ದದ್ದು ಗೋಡೆಯ ಕಡೆ. ಕಟ್ಟೆಯೂ ಅಲ್ಲೇ ಆಯಿತು.

ಈಗ ಅವಳು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಹೆಂಗಸರೆಲ್ಲ ಅವಳ ಬೆನ್ನ ಹಿಂದೆ, ಕೆಳಗೆ. ಅವರು ನಕ್ಕದ್ದು ಕೇಳಿ ತಿರುಗುವಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿರುತ್ತಿತ್ತು. ಏನಾಯಿತೆಂದು ಕೇಳಿ ಕೇಳಿ ಅವಳಿಗೇ ನಾಚಿಕೆಯಾಯಿತು. ಒಂದು ದಿನ ಹಟಕ್ಕೆ ಬಿದ್ದು ಕೆಳಗೆ ಕುಳಿತು ಪೂರ್ತಿ ಕೆಲಸ ಮುಗಿಸಿದಳು. ಸಂಜೆ ಗುರವ್ವನ ಭುಜ ಹಿಡಿದು ಮನೆ ಸೇರಿದಳು.

ಮರುದಿನ ಬಂದ ಸುಚೇತಾ ಬೈಯಲಿಲ್ಲ. ಬಿಸಿ ಶಾಖ ಕೊಟ್ಟು, ಕುಳಿತುಕೊಳ್ಳಬಾರದೆಂದಿಲ್ಲ, ಆಗಾಗ ಎದ್ದು ಅಡ್ಡಾಡಬೇಕು ಎಂದು ತಿಳಿಸಿ ಹೇಳಿದಳು.

“ಬೆನ್ನಿಂದು ಬಿಡ್ರಿ ಅಕ್ಕಾರ,” ಎಂದಳು ರಾಚವ್ವ. “ಅಲ್ಲಿ ನಿಂತ್ರ ನನ್ನ ಕೂಡ ಯಾರೂ ಮಾತಾಡೂದಿಲ್ಲ.”

ಚಹಾದ ಹೊತ್ತಿಗಾದರೂ ಅವರ ನಡುವೆ ಹೋಗಿ ಕುಳಿತುಕೊಳ್ಳಿರಿ ಎಂದಳು ಸುಚೇತಾ.

ಬೇಸಿಗೆ ಮುಗಿಯುವಷ್ಟರಲ್ಲಿ ಸುಚೇತಾಳಿಗೆ ರಾಮದುರ್ಗಕ್ಕೆ ವರ್ಗವಾಯಿತು. ರಾಚವ್ವನ ಬೆನ್ನು ಈಗ ಗಟ್ಟಿಯಾಗಿದೆ. ಚಹಾಕ್ಕೆ ಕೆಳಗೆ ಕೂರುತ್ತಾಳೆ, ಒಲೆ ಕಟ್ಟೆಯ ಮೇಲಿರುವುದರಿಂದ ಉಳಿದಂತೆ ನಿಂತೇ ಇರುತ್ತಾಳೆ. ಕೆಲಸ ಮುಗಿದ ಮೇಲೆ ಬೆಳಗಾವಿ ರಸ್ತೆಯಲ್ಲಿ ಅಂಗಡಿಗಳ ಸಾಲು ಮುಗಿಯುವ ತನಕ ಒಬ್ಬಳೇ ನಡೆಯುತ್ತಾಳೆ. ಕೋಣೆಯಲ್ಲಿ ಕಾಯುವವರು ಯಾರೂ ಇಲ್ಲ, ಅವಸರವೇನೂ ಇಲ್ಲ, ಆದರೂ ಬಿರಬಿರನೆ ನಡೆಯುತ್ತಾಳೆ.