ಹಗ್ಗದ ಹಾಡು ಕೇಳದ ಎರಡು ಕಿವಿ

ಹಗ್ಗದ ಕೇರಿಯ ಆ ಹೆವಿ ಮೆಟಲ್ ಹಾಡನ್ನು ಕೇಳದ ಕಿವಿ ಈ ಭೂಮಿಯ ಮೇಲಿಲ್ಲ. ಅದು ಬಂದ ವರ್ಷ ಗಿಟಾರಿನ ಮೊದಲ ಏಟಿಗೇ ಮೂರು ಓಣಿಯ ಹೆಂಚುಗಳು ಹಾರಿಹೋಗಿ, ಮಾರನೆಯ ದಿನ ನಾಚಿಕೊಂಡು ವಾಪಸು ಬಂದು ಕೂತವು. ಇಪ್ಪತ್ತು ವರ್ಷ ಕಳೆದರೂ ಮದುವೆ ಮನೆಯಲ್ಲಿ ಅದೇ, ಆಟದ ಮೈದಾನದಲ್ಲಿ ಅದೇ. ಹಲ್ಲು ಕೀಳುವ ಡಾಕ್ಟರಂತೂ ಅದನ್ನೇ ಹಾಕುತ್ತಾರೆ. ರೋಗಿಯ ಅರಚಾಟ ಹಾಡಿನೊಳಗೆ ಸೇರಿಹೋಗುತ್ತದೆ. ನೈಲಾನ್ ಬಂದು ಹಗ್ಗ ಹೊಸೆಯುವ ಕಸುಬೇ ಕಣ್ಮುಚ್ಚಿತು. ಆದರೂ ನಾರಿನ ಹಗ್ಗ ಮುಟ್ಟಿಯೂ ನೋಡದ ಮಕ್ಕಳು "ಬಿಗೀ... ಬಿಡೂ..." ಎಂದು ಕತ್ತಿನ ನರ ಉಬ್ಬಿಸಿ ಕಿರುಚುತ್ತವೆ.

ಕೇಳದ ಕಿವಿಯೇ ಇಲ್ಲ ಎಂದರೆ ತಪ್ಪಾದೀತು. ಎರಡಿದ್ದವು. ಆ ಹಾಡು ಕಟ್ಟಿ ಹಾಡಿದವನು ಕೇರಿಯದೇ ಒಬ್ಬ ವೆಲ್ಡರ್; ಅವನ ಮನೆಯಲ್ಲೇ ಇದ್ದವು.

ಅವು ಅವನ ಅಮ್ಮನವು. ಕೇರಿಯಲ್ಲಿ ಹಗ್ಗ ಹೊಸೆದ ಕೊನೆಯವಳು ಅವಳು. ಸೊಂಟಕ್ಕೆ ನಾರಿನ ಕಂತೆ ಸುತ್ತಿಕೊಂಡು, ಎಳೆ ಬಿಡುತ್ತ ಬಿಡುತ್ತ ಹಿಂದಹಿಂದಕ್ಕೆ ನಡೆಯುವುದು ಅವಳ ಕೆಲಸವಾಗಿತ್ತು. ಅಷ್ಟೇ ದೂರ ಮುಂದಕ್ಕೆ ನಡೆದಿದ್ದರೆ ಚಂದ್ರನನ್ನು ಮುಟ್ಟಿ, ಸಂಜೆಯ ಅಡುಗೆಗೆ ಮನೆ ಸೇರಬಹುದಿತ್ತು. ಆಚೆ ತುದಿಯಲ್ಲಿ, ಎಳೆಗೆ ಹುರಿ ಹಾಕುವ ಚಕ್ರ ತಿರುಗಿಸಲು ಮಗ. ಅಮ್ಮ "ಬಿಗೀ" ಎಂದರೆ ಜೋರಾಗಿ ತಿರುಗಿಸಬೇಕು, "ಬಿಡೂ" ಎಂದರೆ ನಿಧಾನ. ದೊಡ್ಡವನಾದ ಮೇಲೆ ಆ ಕೂಗನ್ನೇ ಅವನು ಹಾಡು ಮಾಡಿದ. ಅದು ಹೊರಬರುವಷ್ಟರಲ್ಲಿ ಒಂದು ಕೆಟ್ಟ ಜ್ವರ ಅವಳ ಕಿವಿಗಳನ್ನು ಕೊಂಡೊಯ್ದಿತ್ತು. ಲೋಕವೆಲ್ಲ ತಲೆ ಕುಣಿಸಿತು. ಅವನಿಗೆ ಬೇಕಿದ್ದ ಒಂದು ತಲೆ ಮಾತ್ರ ಅಲ್ಲಾಡಲಿಲ್ಲ. ಅಮ್ಮ ಹಾಡು ಕೇಳದೆಯೇ ಹೋಗಿಬಿಟ್ಟರೆ ಎಂಬ ಭಯ ಅವನಿಗೆ ಕೆಲಸದ ನಡುವೆಯೂ ಬರುತ್ತಿತ್ತು.

ಉಪಾಯ ಹೊಳೆದದ್ದು ಅವನ ಹೆಂಡತಿಗೆ.

"ಅತ್ತೆಗೆ ಕಿವಿ ಕೇಳಲ್ಲ, ಸರಿ. ಮಿಕ್ಸಿ ಹಾಕಿದ್ರೆ ಕಟ್ಟೆ ಮೇಲೆ ಕೈಯಿಟ್ಟು, 'ಸಾಕು ನಿಲ್ಸೇ, ನುಣ್ಣಗಾಯ್ತು' ಅಂತಾರಲ್ಲ! ಮಹಡಿ ರೂಮಿಗೆ ಮರದ ನೆಲ ಇದೆ. ದೊಡ್ಡ ಸ್ಪೀಕರ್ ತಂದಿಡಿ, ಬರಿಗಾಲಲ್ಲಿ ನಿಲ್ಸೋಣ."

"ಬಿದ್ದುಬಿಟ್ರೆ?"

"ಹಿಂದೆ ನಾನಿರ್ತೀನಿ. ನೀವು ಬಟನ್ ಒತ್ತಿ, ಹಾಡುಗಾರ್ರೇ."

ಒತ್ತಿದ. ಗೋಡೆಯ ಗಡಿಯಾರ ಬೆಚ್ಚಿ ಹತ್ತು ನಿಮಿಷ ಮುಂದಕ್ಕೆ ಓಡಿತು. ಅಮ್ಮ ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ಕಾಲಬೆರಳುಗಳು ನೆಲವನ್ನು ತಡಕಿದವು. ಬಲಗೈ ತಾನಾಗಿ ಸೊಂಟಕ್ಕೆ ಹೋಗಿ, ಇಲ್ಲದ ನಾರನ್ನು ಎಳೆಯತೊಡಗಿತು. ಒಂದು ಹೆಜ್ಜೆ ಹಿಂದಕ್ಕೆ. ಇನ್ನೊಂದು. ಸೊಸೆಯೂ ಕೈ ಚಾಚಿಕೊಂಡು ಹಿಂದೆ ಸರಿದಳು. ಹಾಡಿನಲ್ಲಿ "ಬಿಗೀ" ಬರುವ ಹೊತ್ತಿಗೆ ಸರಿಯಾಗಿ, ಅಮ್ಮನ ಬಾಯಿಂದಲೂ ಅದೇ ಹಳೆಯ ಕೂಗು ಹೊರಟಿತು.

ಸಾವಿರಾರು ಜನರನ್ನು ಕಿರುಚಿಸಿದವನು ಅಮ್ಮನ ಎದುರು ಬಂದು ನಿಂತ. ಹಾಡು ನಿಂತಾಗ, ಹೇಗಿದೆ ಎಂದು ಬರೀ ಕೈ ತಿರುಗಿಸಿದ.

ಅಮ್ಮ ಕಣ್ಣೊರೆಸಿಕೊಂಡು, ಕೇರಿಗೆಲ್ಲ ಕೇಳುವಂತೆ ಗದರಿದಳು:

"ಚಕ್ರ ತಿರುಗ್ಸೋವಾಗ ಈ ಚುರುಕು ಎಲ್ಲಿ ಹೋಗಿತ್ತೋ, ಸೋಮಾರಿ?"