ಮಗಳ ಹೆಸರಿಗೆ ಬೆಲೆ ಕೇಳಿದ ದಿನ

ಮೊಮ್ಮಗಳು ಬೀದರಿನಲ್ಲಿ ಹಳೆ ಸೀರೆ ಸೇರಿಸಿ ಹೊಲಿದ ಕೌದಿ ಮಾರುತ್ತಾಳೆ. ಹೊಲಿಯುವವರು ಔರಾದಿನ ನಮ್ಮ ಓಣಿಯ ಹೆಂಗಸರು, ಅವರಲ್ಲಿ ನಾನೂ ಒಬ್ಬಳು. ಇಂಟರ್ನೆಟ್ಟಿನಲ್ಲಿ ಅಂಗಡಿ ಹಾಕುವಾಗ ಅದಕ್ಕೆ ತನ್ನ ತಾಯಿಯ ಹೆಸರೇ ಇರಬೇಕೆಂದು ಹಟ ಹಿಡಿದಳು. ತಾಯಿ ಎಂದರೆ ನನ್ನ ಮಗಳು. ಮೊಮ್ಮಗಳು ಸಣ್ಣವಳಿದ್ದಾಗಲೇ ಅವಳು ತೀರಿಹೋದಳು. ಅಲ್ಲಿ ಒಂದು ಹೆಸರು ಒಬ್ಬರಿಗೇ ಸಿಗುತ್ತದಂತೆ, ಡೊಮೇನ್ ಅನ್ನುತ್ತಾರೆ. ಈ ಹೆಸರನ್ನು ಭಾಲ್ಕಿಯ ಅಂಗಡಿಕಾರರೊಬ್ಬರು ಮೊದಲೇ ಕೊಂಡಿದ್ದರು. ಫೋನಿನಲ್ಲಿ ಕೇಳಿದರೆ ಒಂದು ಎಮ್ಮೆಯ ಬೆಲೆ ಹೇಳಿದರು.

"ಅವ್ವನ ಹೆಸರು ಅಂತ ಹೇಳಿಬಿಡ್ತೇನಿ, ಆಯಿ."

"ಹುಚ್ಚಿ, ಬೇಕೇ ಬೇಕು ಅಂತ ಗೊತ್ತಾದ್ರ ಇನ್ನೂ ಏರಿಸ್ತಾನ. ಎತ್ತು ಕೊಳ್ಳಾಕ ಹೋದವ್ರು ಅದರ ಮೈ ಸವರ್ತಾರೇನ? ಮೊದ್ಲ ಖೋಡಿ ತಗೀಬೇಕು."

ದನದ ಸಂತೆಯ ರಿವಾಜು ಅದು. ಕೊಂಬು ಸೊಟ್ಟ, ಹಲ್ಲು ಸವೆದಿದೆ ಎಂದು ಹಳಿದರೆ ಬೆಲೆ ಇಳಿಯುತ್ತದೆ. ಭಾಲ್ಕಿಯ ಬಸ್ಸು ಹಿಡಿದೆವು. ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ನಾನೇ ಶುರು ಮಾಡಿದೆ.

"ಮುದುಕ್ಯಾರ ಹೆಸರು ಅದು. ಈಗ ಯಾರ್ ಇಡ್ತಾರ್ರೀ? ಸುಮ್ನ ಬಿದ್ದದ, ಕೊಟ್ಟುಬಿಡ್ರಿ."

ತಕ್ಕಡಿ ಒರೆಸುತ್ತಿದ್ದ ಅಂಗಡಿಕಾರರ ಕೈ ನಿಂತಿತು. "ಈಗ ಡಬಲ್ ರೇಟ್."

"ಯಾಕ್ರೀ?"

"ನನ್ನ ಹೆಂಡ್ತಿ ಹೆಸರು ಅದ. ಮಸಾಲಿ ಮಾರ್ತೇನಿ ಅಂದಿದ್ಳು, ಅಕಿ ಸಲುವಾಗಿ ತಗೊಂಡೆ. ಈಗ ಅಕಿ ಇಲ್ಲ. ವರ್ಷಾ ರೊಕ್ಕ ಕಟ್ಟಿ ಹಂಗೇ ಇಟ್ಟೀನಿ."

ಮಾರುವ ಮನಸ್ಸೇ ಇರಲಿಲ್ಲ ಅವರಿಗೆ. ಕೇಳಿದವರು ಹೆದರಿ ಹೋಗಲಿ ಎಂದೇ ಆ ಬೆಲೆ. ನನ್ನ ಸಂತೆಯ ಬುದ್ಧಿ ಅಲ್ಲಿಗೆ ಮುಗಿಯಿತು.

"ನನ್ನ ಮಗಳ ಹೆಸರೂ ಅದೇ ಅದ್ರಿ," ಎಂದೆ. "ಅಕಿನೂ ಇಲ್ಲ. ಈಕಿ ಅಕಿ ಮಗಳು."

ಅವರು ಮೊಮ್ಮಗಳ ಮುಖ ನೋಡಿದರು. ಚಹಾ ತರಿಸಿದರು. ಕುಡಿದು ಮುಗಿಯುವ ತನಕ ಯಾರೂ ಬೆಲೆಯ ಮಾತೆತ್ತಲಿಲ್ಲ.

"ಮಾರೂದು ಮಾತ್ರ ಆಗಂಗಿಲ್ಲ, ತಂಗಿ," ಎಂದರು ಕೊನೆಗೆ.

"ಎತ್ತು ಕೊಟ್ಟವ್ರು ಹಗ್ಗ ಕೊಡಂಗಿಲ್ಲ, ಮನ್ಯಾಗೇ ಇಟ್ಕೋತಾರ," ಎಂದೆ. "ಹಗ್ಗ ನಿಮ್ಮ ಕಡೆನೇ ಇರ್ಲಿ. ಹಂಗ ಏನರ ಮಾಡಾಕ ಬರ್ತದೇನ?"

ಮೊಮ್ಮಗಳು ಮೂಗು ಒರೆಸಿಕೊಂಡಳು. "ಬರ್ತದ ಆಯಿ. ಹೆಸರು ಕಾಕಾರದೇ ಇರ್ಲಿ. ಅದನ್ನ ಒತ್ತಿದವ್ರಿಗೆ ನಮ್ಮ ಅಂಗಡಿ ತೆರಿಯೂ ಹಂಗ ಜೋಡಿಸಬಹುದು."

"ಅದಕ್ಕ ಬಾಡಿಗಿ ಎಷ್ಟ್ರೀ?" ಎಂದು ಅವರನ್ನು ಕೇಳಿದೆ.

ಅವರು ಒಳಗೆ ಹೋಗಿ ಒಂದು ಗಂಟು ತಂದರು. ಹೆಂಡತಿಯ ಸೀರೆಗಳು. "ಒಂದು ಕೌದಿ ಹೊಲ್ದು ಕೊಡ್ರಿ, ಬಾಯಾರ. ಥಂಡಿ ಬರೂದ್ರಾಗ ಆದ್ರ ಸಾಕು."

ಆ ಕೌದಿಯನ್ನು ನಾನೇ ಹೊಲಿದೆ. ಒಂದು ಮೂಲೆಗೆ ಬಟ್ಟೆ ಸಾಲಲಿಲ್ಲ. ಪೆಟ್ಟಿಗೆಯಲ್ಲಿ ಮಗಳದೊಂದು ಸೀರೆ ಇತ್ತು, ಇಷ್ಟು ವರ್ಷ ಅದಕ್ಕೆ ಕತ್ತರಿ ಮುಟ್ಟಿಸಿರಲಿಲ್ಲ. ಅದರದೊಂದು ತುಂಡು ಹಾಕಿದೆ. ಮೊಮ್ಮಗಳು ನೋಡಿ, ಯಾಕೆ ಎಂದು ಕೇಳಿದಳು.

"ಬಟ್ಟಿ ಗಟ್ಟಿ ಅದ," ಎಂದೆ.