ಸೋಸಿ ಕೊಟ್ಟ ಸ್ಯಾಂಪಲ್

ಹೋದ ತಿಂಗಳು ನಮ್ಮ ಚಿಕ್ಕಮ್ಮ ಸರ್ಕಾರಕ್ಕೆ ಒಂದು ಬಾಟಲ್ ನೀರು ಕೊಟ್ಟರು. ಬಟ್ಟೆಯಲ್ಲಿ ಸೋಸಿ ಕೊಟ್ಟರು.

ಚಿಕ್ಕಮ್ಮ ಇರುವುದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ರೇಷ್ಮೆ ಹುಳ, ಹೊಲದಲ್ಲಿ ಹಿಪ್ಪುನೇರಳೆ, ಎರಡಕ್ಕೂ ಒಂದೇ ಬಾವಿ. ದಿಬ್ಬದ ಮೇಲೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಗೂಡು ಬೇಯಿಸಿದ ನೀರೆಲ್ಲ ಅದರ ಹಿಂದಿನ ಹೊಂಡಕ್ಕೆ. ಜೋರು ಮಳೆ ಬಂದರೆ ಹೊಂಡ ಉಕ್ಕಿ ಸೀದಾ ಬಾವಿಗೇ ಇಳಿಯುತ್ತದೆ. (ಅದರ ವಾಸನೆ ಗೊತ್ತಿಲ್ಲದವರು ಪುಣ್ಯವಂತರು.) ಮಳೆಗಾಲ ಬಂದಾಗಿನಿಂದ ಹುಳಗಳು ಸೊಪ್ಪು ಬಿಟ್ಟು ಸಾಯತೊಡಗಿದವು. ಚಿಕ್ಕಮ್ಮ ದೂರು ಕೊಟ್ಟರು.

ನೀರು ಪರೀಕ್ಷೆಯವರೊಬ್ಬರು ಬಂದರು. ಹೊಂಡ ನೋಡಿದರೇ? ಇಲ್ಲ. ದಾರಿಯಲ್ಲಿ ಕೆಸರಿತ್ತು, ಕಾಲಲ್ಲಿ ಶೂ ಇತ್ತು. ಬಾವಿಯಲ್ಲಾದರೂ ಇಣುಕಿದರೇ? ಅದೂ ಇಲ್ಲ. ಜಗುಲಿಯ ಮೇಲೆ ಕೂತು, "ನೀವೇ ಸೇದಿ ತುಂಬಿಸಿ ಕೊಡಿ ಅಮ್ಮ" ಎಂದರು.

ನಾನು ಒಳಗೆ ಅವರಿಗೆ ಕಾಫಿ ಕಾಯಿಸುತ್ತಿದ್ದೆ. ಹೊರಗೆ ಬಂದಾಗ ಚಿಕ್ಕಮ್ಮ ನಾಲ್ಕು ಮಡಿಕೆಯ ಬಿಳಿ ಬಟ್ಟೆ ಹಿಂಡುತ್ತಿದ್ದರು. ಬಟ್ಟೆಯ ನಡುವೆ ಕಂದು ಬಣ್ಣದ ಲೋಳೆ.

"ಸೋಸಿಬಿಟ್ರಾ ಚಿಕ್ಕಮ್ಮ?"

"ಬಂದೋರಿಗೆ ಸೋಸ್ದೆ ನೀರು ಕೊಡಾದುಂಟೇನಮ್ಮ? ಪಾಪ, ದೂರದಿಂದ ಬಂದವ್ರೆ."

ಅವರು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದು ಅದನ್ನೇ. ಆದರೆ ಎದುರಿಗೇ ಕೂತು ನೋಡುತ್ತಿದ್ದ ಆ ಓದಿದ ಮನುಷ್ಯನಿಗೆ ಬೇಡವೆನ್ನಲು ಬಾಯಿ ಇರಲಿಲ್ಲವೇ?

ಬೇರೆ ಬಾಟಲ್ ತೆಗೆದುಕೊಳ್ಳಿ ಎಂದೆ.

"ಸೀಲ್ ಆಗೋಯ್ತು ಮೇಡಂ. ಸೋಸಿದ್ರೇನೀಗ? ನೀರು ನಿಮ್ಮ ಬಾವೀದೇ ಅಲ್ವಾ?" ಎಂದು ಕಾಫಿ ಮುಗಿಸಿ ಎದ್ದರು.

ಮೊನ್ನೆ ರಿಪೋರ್ಟ್ ಬಂತು. ನೀರಿನಲ್ಲಿ ದೋಷವಿಲ್ಲ. ಕಾರ್ಖಾನೆಯವರು ಅದನ್ನು ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ, ಕೆಳಗೆ ಕೈಮುಗಿದ ಚಿತ್ರವನ್ನೂ ಅಂಟಿಸಿದ್ದಾರೆ. ಹೊಂಡ ಅಲ್ಲೇ ಇದೆ. ಮಳೆಯೂ ನಿಂತಿಲ್ಲ.

ಚಿಕ್ಕಮ್ಮ ಜಗಳವಾಡಲಿಲ್ಲ. ಸತ್ತ ಹುಳಗಳನ್ನು ಮೊರದಲ್ಲಿ ತುಂಬಿ ತಿಪ್ಪೆಗೆ ಸುರಿದು ಬಂದು, "ನೀರು ಚೆನ್ನಾಗೈತೆ ಅಂದವ್ರಲ್ಲಮ್ಮ, ನನ್ ಕೈಗುಣಾನೇ ಸರಿ ಇಲ್ವೇನೋ" ಎಂದರು.

ಹೊಂಡ ತೋಡಿದವರು ನಿರ್ದೋಷಿಗಳು, ಶೂ ಕೊಳೆಯಾಗದಂತೆ ಹೋದವರೂ ನಿರ್ದೋಷಿಗಳು. ಕೊನೆಗೆ ತಪ್ಪು ಸಿಕ್ಕಿದ್ದು ಸೊಪ್ಪು ಹಾಕಿದ ಕೈಯಲ್ಲಿ!

ಆ ಸೋಸಿದ ಬಟ್ಟೆಯನ್ನು ನಾನು ಬೆಂಗಳೂರಿಗೆ ತಂದಿದ್ದೇನೆ. ಒಗೆದಿಲ್ಲ.

ಯಾವ ಆಫೀಸಿಗೆ ಕೊಡಲಿ, ಹೇಳಿ?